ಜೋಡಿ ಕಟ್ಟಿದವನೋ, ಎದುರು ನಿಂತವನೋ?

ಈ ತಿಂಗಳು ಬಂದ ಪತ್ರಗಳಲ್ಲಿ ಕ್ರಿಕೆಟ್ ಕಡಿಮೆ, ಗುದ್ದಾಟ ಜಾಸ್ತಿ. ದಾವಣಗೆರೆಯಿಂದ ಬಂದ ಪತ್ರವಂತೂ ಒಂದು ಮನೆಯ ಜಗಳವನ್ನೇ ಹೊತ್ತು ತಂದಿದೆ. ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆದಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗ ದಿನವಿಡೀ ಮೊಬೈಲ್‌ನಲ್ಲಿ ಯುಎಫ್‌ಸಿ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಅಮೆರಿಕದ ಕಾದಾಟ) ನೋಡುತ್ತಾನೆ. ‘ಅಪ್ಪ, ಫೈಟರ್‌ಗಳು ಬರ್ತಾರೆ, ಹೋಗ್ತಾರೆ. ಸ್ಟಾರ್ ಮಾಡೋದು ಪಂದ್ಯ ಏರ್ಪಡಿಸೋ ಪ್ರಮೋಟರ್. ಬಾಕ್ಸಿಂಗ್‌ನಲ್ಲಿ ಡಾನ್ ಕಿಂಗ್ ಇಲ್ಲದಿದ್ರೆ ಮೊಹಮ್ಮದ್ ಅಲಿ ಇಲ್ಲ, ಯುಎಫ್‌ಸಿಯಲ್ಲಿ ಡೇನಾ ವೈಟ್ ಇಲ್ಲದಿದ್ರೆ ಕಾನರ್ ಮೆಕ್‌ಗ್ರೆಗರ್ ಇಲ್ಲ’ ಅಂತಾನೆ. ಏಟು ತಿನ್ನೋನು ಒಬ್ಬ, ಹೆಸರು ಇನ್ನೊಬ್ಬನಿಗಾ? ಒಂದು ತಿಂಗಳಿಂದ ಊಟದ ಹೊತ್ತಿಗೆ ಇದೇ ವಾದ. ನೀವೇ ತೀರ್ಪು ಕೊಡಿ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ತೀರ್ಪು ಕೊಡೋಕೆ ನಾನು ರೆಫರಿ ಅಲ್ಲ ಸ್ವಾಮಿ. ಮೂವತ್ತು ವರ್ಷ ಒಂದು ಪತ್ರಿಕೆಯ ಕ್ರೀಡಾ ಪುಟದಲ್ಲಿ ಕೂತು ಬೇರೆಯವರ ಗೆಲುವಿಗೆ ಹೆಡ್ಡಿಂಗ್ ಕೊಟ್ಟವನು, ಅಷ್ಟೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಅಲಿ ವಿಷಯದಲ್ಲಿ ನಿಮ್ಮ ಮಗನ ಲೆಕ್ಕ ತಪ್ಪು. 1964ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದಾಗ ಅಲಿಗೆ 22 ವರ್ಷ. ಆಗಿನ್ನೂ ಕ್ಯಾಸಿಯಸ್ ಕ್ಲೇ ಅನ್ನೋ ಹೆಸರು. ಡಾನ್ ಕಿಂಗ್ ಆಗ ಕ್ಲೀವ್‌ಲ್ಯಾಂಡ್‌ನಲ್ಲಿ ನಂಬರ್ ಆಟ ನಡೆಸುತ್ತಿದ್ದ. ನಮ್ಮ ಕಡೆಯ ಮಟ್ಕಾ ಇದೆಯಲ್ಲ, ಅಂಥದ್ದೇ. 1966ರಲ್ಲಿ ದುಡ್ಡಿನ ಜಗಳದಲ್ಲಿ ಒಬ್ಬನನ್ನು ಬೀದಿಯಲ್ಲಿ ಹೊಡೆದು ಸಾಯಿಸಿ ಜೈಲಿಗೆ ಹೋದ. ಹೊರಗೆ ಬಂದದ್ದು 1971ರಲ್ಲಿ. ಅಷ್ಟರೊಳಗೆ ಅಲಿ ವಿಯೆಟ್ನಾಂ ಯುದ್ಧಕ್ಕೆ ಬರಲ್ಲ ಅಂದು ಪಟ್ಟ ಕಳೆದುಕೊಂಡು, ಮೂರೂವರೆ ವರ್ಷ ಮನೆಯಲ್ಲಿ ಕೂತು, ರಿಂಗಿಗೆ ವಾಪಸ್ಸೂ ಬಂದಾಗಿತ್ತು. ಪ್ರಪಂಚಕ್ಕೆಲ್ಲ ಅವನ ಮುಖ ಗೊತ್ತಿತ್ತು.

ಬಾಯಿಂದ ಟಿಕೆಟ್ ಮಾರೋದನ್ನು ಅಲಿಗೆ ಕಲಿಸಿದವನೂ ಪ್ರಮೋಟರ್ ಅಲ್ಲ. ಗಾರ್ಜಿಯಸ್ ಜಾರ್ಜ್ ಅನ್ನೋ ಕುಸ್ತಿಯವನು. ಕೂದಲಿಗೆ ಬಂಗಾರದ ಬಣ್ಣ ಹಚ್ಚಿ, ಗುಂಗುರು ಬಿಡಿಸಿಕೊಂಡು, ತಾನು ಬರೋದಕ್ಕೆ ಮೊದಲು ಆಳಿನ ಕೈಲಿ ರಿಂಗಿಗೆಲ್ಲ ಸೆಂಟ್ ಹೊಡೆಸುತ್ತಿದ್ದ ಮಹಾನುಭಾವ. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಅಲಿಗೆ ಸಿಕ್ಕ. ‘ನಾನೇ ಸುಂದರ, ನನ್ನನ್ನು ಸೋಲಿಸೋರು ಹುಟ್ಟಿಲ್ಲ’ ಅಂತ ಅರಚಾಡಿದ. ಇವನು ಮಣ್ಣು ಮುಕ್ಕೋದನ್ನು ನೋಡಬೇಕು ಅಂತಲೇ ಜನ ದುಡ್ಡು ಕೊಟ್ಟು ಬಂದರು, ಸಭಾಂಗಣ ತುಂಬಿತು. ಹತ್ತೊಂಬತ್ತರ ಹುಡುಗ ಅದನ್ನು ನೋಡಿಕೊಂಡ.

ಹಾಗಂತ ನೀವು ಮೀಸೆ ತಿರುವಬೇಡಿ. 1974ರ ಕಿನ್ಶಾಸಾ ಕತೆ ಕೇಳಿ. ಜಾರ್ಜ್ ಫೋರ್‌ಮನ್ ಆಗ ಚಾಂಪಿಯನ್. ಅವನ ಗುದ್ದಿಗೆ ಹೆದರದವರೇ ಇರಲಿಲ್ಲ. ಡಾನ್ ಕಿಂಗ್ ಅವನ ಹತ್ತಿರ ಹೋಗಿ 50 ಲಕ್ಷ ಡಾಲರ್ ಕೊಡ್ತೀನಿ ಅಂದ. ಅಲಿ ಹತ್ತಿರ ಹೋಗಿ ನಿನಗೂ ಅಷ್ಟೇ ಅಂದ. ಅಷ್ಟು ದುಡ್ಡು ಅವನ ಹತ್ತಿರ ಎಲ್ಲಿತ್ತು? ಮೊದಲು ಸಹಿ, ದುಡ್ಡಿನ ಯೋಚನೆ ಆಮೇಲೆ. ಕೊನೆಗೆ ಗಂಟು ಬಿಚ್ಚಿದ್ದು ಕಿನ್ಶಾಸಾ ಇರುವ ಜೈರ್ ದೇಶದ (ಈಗಿನ ಕಾಂಗೋ) ಸರ್ವಾಧಿಕಾರಿ ಮೊಬುಟು. ಸೆಪ್ಟೆಂಬರ್‌ನಲ್ಲಿ ಆಗಬೇಕಿದ್ದದ್ದು ಅಭ್ಯಾಸದಲ್ಲಿ ಫೋರ್‌ಮನ್ ಕಣ್ಣಿನ ಮೇಲೆ ಸೀಳಿ ಐದು ವಾರ ಮುಂದಕ್ಕೆ ಹೋಯಿತು. ಅಷ್ಟೂ ದಿನ ಆ ಇಬ್ಬರನ್ನು ಊರು ಬಿಡದ ಹಾಗೆ ನೋಡಿಕೊಂಡು, ಅಕ್ಟೋಬರ್ 30ರ ಬೆಳಗಿನ ಜಾವ 4 ಗಂಟೆಗೆ ರಿಂಗಿಗೆ ಇಳಿಸಿದರು. ಆ ಹೊತ್ತು ಯಾಕೆ ಅಂದರೆ, ಅಮೆರಿಕದಲ್ಲಿ ಥಿಯೇಟರ್‌ಗಳಲ್ಲಿ ದುಡ್ಡು ಕೊಟ್ಟು ನೋಡೋರಿಗೆ ಆಗ ರಾತ್ರಿ. ಎಂಟನೇ ರೌಂಡ್‌ನಲ್ಲಿ ಫೋರ್‌ಮನ್ ಬಿದ್ದ. ಬೀಳಿಸಿದ್ದು ಡಾನ್ ಕಿಂಗ್ ಅಲ್ಲ, ಸರಿ. ಆದರೆ ಆ ಇಬ್ಬರನ್ನು ಎದುರುಬದುರು ನಿಲ್ಲಿಸಿದವನು ಅವನೇ.

ಇದಕ್ಕೆ ನಮ್ಮ ಮೈಸೂರು ಕಡೆ ಒಂದು ಮಾತಿದೆ: ಜೋಡಿ ಕಟ್ಟೋದು. ದಸರಾ ಕುಸ್ತಿಗೆ ಈಗಲೂ ಮೊದಲು ಜೋಡಿ ಕಟ್ಟುತ್ತಾರೆ, ಆಮೇಲೆ ಕುಸ್ತಿ. ನಮ್ಮ ದೊಡ್ಡಪ್ಪ ಪೈಲ್ವಾನರು. ವಯಸ್ಸಾದ ಮೇಲೆ ಸುತ್ತಮುತ್ತಲ ಊರಿನ ಕುಸ್ತಿಗಳಿಗೆ ಜೋಡಿ ಕಟ್ಟಲು ಅವರನ್ನು ಕರೆಯುತ್ತಿದ್ದರು. ಬೆನ್ನ ಹಿಂದೆ ನೋಟ್‌ಬುಕ್ ಹಿಡಿದು ನಾನು. ಹುಡುಗರು ಸಾಲಾಗಿ ನಿಲ್ಲೋರು. ತೂಕದ ಯಂತ್ರ ಗಿಂತ್ರ ಏನಿಲ್ಲ. ದೊಡ್ಡಪ್ಪ ಒಬ್ಬೊಬ್ಬನ ಕತ್ತಿನ ಹಿಂದೆ ಕೈ ಹಾಕಿ ಒಮ್ಮೆ ಕೆಳಕ್ಕೆ ಜಗ್ಗೋರು. ಎಷ್ಟು ಬಗ್ಗಿದ, ಎಷ್ಟು ಬೇಗ ನೆಟ್ಟಗಾದ, ಅದೇ ತೂಕ. ಆಮೇಲೆ ಕಿವಿ ಹಿಡಿದು ನೋಡೋರು. ಮಟ್ಟಿಯಲ್ಲಿ ಉಜ್ಜಿ ಉಜ್ಜಿ ಕಿವಿ ಗಂಟು ಕಟ್ಟಿದ್ದರೆ ಹುಡುಗ ಹಳಬ. ‘ಯಾವ ಗರಡಿ? ಉಸ್ತಾದ್ ಯಾರು?’ ಎರಡೇ ಪ್ರಶ್ನೆ. ನನ್ನ ಕಡೆ ತಿರುಗಿ ‘ಬರ್ಕೋ’ ಅನ್ನೋರು.

ಒಂದು ಸಲ ಹೆಸರು ಮಾಡಿದ್ದ ಪೈಲ್ವಾನನೊಬ್ಬನ ಕಡೆಯವರು ಹಿಂದಿನ ಬಾಗಿಲಿಂದ ಬಂದರು. ನಮ್ಮವನಿಗೆ ಸ್ವಲ್ಪ ಮೆತ್ತಗಿರೋ ಜೋಡಿ ನೋಡಿ ಅಂತ. ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು ಹೇಳಿದ್ದು ಇಷ್ಟು: ‘ಎರಡು ನಿಮಿಷಕ್ಕೆ ಚಿತ್ ಮಾಡಿಬಿಟ್ರೆ ಜನದ ಕೈಯಲ್ಲಿರೋ ಕಡಲೆಕಾಯೇ ಮುಗ್ದಿರಲ್ಲ. ಮುಂದಿನ ವರ್ಷ ನಿಮ್ಮ ಹುಡುಗನ್ನ ಯಾರಪ್ಪ ಕೇಳ್ತಾರೆ?’

ಹಾಗಾಗಿ ನನ್ನ ಪ್ರಕಾರ ಅಪ್ಪ, ಮಗ ಇಬ್ಬರೂ ಒಬ್ಬನನ್ನು ಲೆಕ್ಕದಿಂದ ಬಿಟ್ಟಿದ್ದೀರಿ. ಪ್ರಮೋಟರ್ ಅಲ್ಲ, ಸ್ಟಾರ್ ಕೂಡ ಅಲ್ಲ. ಎದುರು ನಿಂತವನು.

ಜೋ ಫ್ರೇಜಿಯರ್‌ನನ್ನೇ ತಗೊಳ್ಳಿ. ಅಲಿಗೆ ಲೈಸೆನ್ಸ್ ಇಲ್ಲದ ದಿನಗಳಲ್ಲಿ ಕೈಗೆ ದುಡ್ಡು ಕೊಟ್ಟವನು ಇವನು. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹದಿನೈದನೇ ರೌಂಡ್‌ನಲ್ಲಿ ಎಡಗೈ ಬೀಸಿ ಅಲಿಯನ್ನು ಮಲಗಿಸಿದವನೂ ಇವನೇ. ಅಲಿ ಎದ್ದ, ಆದರೆ ಸೋತ. ಆ ಸೋಲಿಲ್ಲದೆ ಮುಂದಿನ ಅಲಿ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಬಿದ್ದು ಎದ್ದವನನ್ನು ನೋಡೋಕೆ ಜನ ಜಾಸ್ತಿ ಬರುತ್ತಾರೆ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮೂರನೇ ಸಲ ಇಬ್ಬರೂ ಸೇರಿದರು. ಅದಕ್ಕೂ ಮೊದಲು ಅಲಿ ಪತ್ರಿಕಾಗೋಷ್ಠಿಯಲ್ಲಿ ಜೇಬಿನಿಂದ ರಬ್ಬರ್ ಗೊರಿಲ್ಲಾ ಬೊಂಬೆ ತೆಗೆದು, ಇವನೇ ಫ್ರೇಜಿಯರ್ ಅಂತ ಗುದ್ದಿ ನಗಿಸಿದ. ಟಿಕೆಟ್‌ಗೆ ಒಳ್ಳೆಯದಾಯಿತು. ಹದಿನಾಲ್ಕು ರೌಂಡ್ ಆದ ಮೇಲೆ ಫ್ರೇಜಿಯರ್ ಕಣ್ಣು ಮುಚ್ಚಿಹೋಗಿತ್ತು. ಅವನ ತರಬೇತುದಾರ ಎಡ್ಡಿ ಫಚ್ ‘ಸಾಕು ಮಗನೇ, ಕೂತ್ಕೋ’ ಅನ್ನೋ ರೀತಿಯಲ್ಲಿ ನಿಲ್ಲಿಸಿಬಿಟ್ಟ. ಆ ಬೊಂಬೆಯ ಕಹಿಯನ್ನು ಫ್ರೇಜಿಯರ್ ಎಷ್ಟೋ ವರ್ಷ ಮರೆಯಲಿಲ್ಲ. ಮರೆಯಬೇಕು ಅಂತ ಹೇಳೋಕೆ ನಾವ್ಯಾರು?

ಇನ್ನೊಂದು ವಿಷಯ ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಫ್ರೇಜಿಯರ್ ಬಾಳಿ ಬದುಕಿದ್ದು ಫಿಲಡೆಲ್ಫಿಯಾದಲ್ಲಿ. ಆ ಊರಿನಲ್ಲಿ ಬಾಕ್ಸರ್ ಪ್ರತಿಮೆ ಮೊದಲಿನಿಂದ ಇತ್ತು. ಯಾರದ್ದು? ಸಿನಿಮಾದಲ್ಲಿ ಬರುವ ಬಾಕ್ಸರ್‌ದು. ನಿಜವಾಗಿ ಏಟು ತಿಂದವನಿಗೆ ಪ್ರತಿಮೆ ಆದದ್ದು 2015ರಲ್ಲಿ. ಅವನು ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

ಪ್ರಮೋಟರ್ ಕೈ ಎಲ್ಲಿಗೆ ನಿಲ್ಲುತ್ತೆ ಅಂತ ನಾನು ಕಣ್ಣಾರೆ ಕಂಡದ್ದು 1990ರ ಫೆಬ್ರವರಿ 11ರ ಭಾನುವಾರ. ನನ್ನದು ಮಧ್ಯಾಹ್ನದ ಪಾಳಿ. ಟೆಲಿಪ್ರಿಂಟರ್‌ನಿಂದ ಹಾಳೆ ಹರಿದು ತಂದ ಹುಡುಗ ‘ಸಾರ್, ಏನೋ ತಪ್ಪು ಬಂದಿದೆ’ ಅಂದ. ಟೋಕಿಯೋದಲ್ಲಿ ಮೈಕ್ ಟೈಸನ್ ಹತ್ತನೇ ರೌಂಡ್‌ನಲ್ಲಿ ಬಿದ್ದಿದ್ದ. ಬೀಳಿಸಿದವನು ಬಸ್ಟರ್ ಡಗ್ಲಸ್. 23 ದಿನ ಹಿಂದೆ ತಾಯಿಯನ್ನು ಕಳೆದುಕೊಂಡಿದ್ದವನು. ಜೂಜಿನವರು ಅವನಿಗೆ ಕೊಟ್ಟಿದ್ದ ಬೆಲೆ 42ಕ್ಕೆ 1, ಅಂದರೆ ಅವನು ಗೆದ್ದರೆ ಕಟ್ಟಿದ ಒಂದಕ್ಕೆ ನಲವತ್ತೆರಡು. ಅವನನ್ನು ಕರೆಸಿದ್ದೇ ಟೈಸನ್‌ಗೆ ಕೈ ಬೆಚ್ಚಗಾಗಲಿ ಅಂತ. ಅಂದರೆ ನಮ್ಮ ದೊಡ್ಡಪ್ಪ ಬೇಡ ಅಂದರಲ್ಲ, ಅಂಥ ಮೆತ್ತಗಿನ ಜೋಡಿ! ಡಾನ್ ಕಿಂಗ್ ಸುಮ್ಮನಿರಲಿಲ್ಲ. ಎಂಟನೇ ರೌಂಡ್‌ನಲ್ಲಿ ಡಗ್ಲಸ್ ಬಿದ್ದಾಗ ರೆಫರಿ ನಿಧಾನವಾಗಿ ಎಣಿಸಿದ ಅಂತ ತಕರಾರು ತೆಗೆದ. ಎರಡು ಬಾಕ್ಸಿಂಗ್ ಸಂಸ್ಥೆಗಳು ಫಲಿತಾಂಶವನ್ನು ತಡೆಹಿಡಿದೂ ಬಿಟ್ಟವು. ಜನ ಉಗಿದರು. ಕೆಲವೇ ದಿನಕ್ಕೆ ಡಗ್ಲಸನೇ ಚಾಂಪಿಯನ್ ಅಂತ ಒಪ್ಪಬೇಕಾಯಿತು.

ಮಾರನೆ ದಿನದ ಪುಟಕ್ಕೆ ನಾನು ಕೊಟ್ಟ ಹೆಡ್ಡಿಂಗ್: ‘ಟೈಸನ್‌ಗೆ ಸೋಲು’. ಪುಟ ಅಚ್ಚಾಗಿ ಬಂದ ಮೇಲೆ ಗಮನಿಸಿದೆ. ಗೆದ್ದವನ ಹೆಸರೇ ಅದರಲ್ಲಿ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದ್ದೇನೆ. ಒಂದು ನಾಡಕುಸ್ತಿಯ ವರದಿ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ನಡೆದ ಕುಸ್ತಿ, ಇಡೀ ಬಯಲು ಎದ್ದು ನಿಂತಿತ್ತು. ಗೆದ್ದವನ ಹೆಸರು, ಊರು, ಗರಡಿ ಎಲ್ಲ ಬರೆದು ‘ಎದುರಾಳಿಯನ್ನು ಚಿತ್ ಮಾಡಿದರು’ ಅಂತ ಮುಗಿಸಿದೆ. ಮಾರನೆ ದಿನ ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಬಾಗಿಲಲ್ಲಿ ಒಬ್ಬ. ಹೊರಗೆ ಸೈಕಲ್ಲು, ಅದರ ಎರಡು ಕಡೆ ಖಾಲಿ ಹಾಲಿನ ಕ್ಯಾನು. ಒಂದು ಕಣ್ಣು ಊದಿಕೊಂಡಿತ್ತು. ಮಡಚಿದ ಪೇಪರ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟ. ‘ಇದು ನಾನು ಸಾಮಿ’ ಅಂದ. ಜಗಳಕ್ಕೆ ಬಂದಿರಲಿಲ್ಲ. ‘ನಮ್ಮವ್ವನಿಗೆ ಓದಿ ಹೇಳೋಕೆ ಹೋದ್ರೆ ಹೆಸರೇ ಇಲ್ಲ’ ಅಂದ. ಕಾಫಿ ತರಿಸಿದೆ, ಕುಡಿಯಲಿಲ್ಲ. ತಿದ್ದುಪಡಿ ಹಾಕ್ತೀನಿ ಅಂದೆ. ‘ಸೋತಿದ್ದಕ್ಕೆ ತಿದ್ದುಪಡಿ ಏನ್ ಸಾಮಿ’ ಅಂತ ನಕ್ಕು ಹೋದ.

ನಿಮ್ಮ ಮಗನ ಮೆಕ್‌ಗ್ರೆಗರ್ ವಿಷಯ ಚುಟುಕಾಗಿ. ಡಬ್ಲಿನ್‌ನಲ್ಲಿ ನಲ್ಲಿ, ಪೈಪ್ ಕೆಲಸ ಕಲಿಯುತ್ತಿದ್ದ ಹುಡುಗ. 2013ರಲ್ಲಿ ಯುಎಫ್‌ಸಿಗೆ ಬಂದ. 2015ರ ಡಿಸೆಂಬರ್‌ನಲ್ಲಿ ಜೋಸೆ ಆಲ್ಡೋನನ್ನು 13 ಸೆಕೆಂಡ್‌ಗೆ ಮಲಗಿಸಿದ. ಮಾತು ಅವನದ್ದೇ, ಎಡಗೈಯೂ ಅವನದ್ದೇ. ವೇದಿಕೆ ಮಾತ್ರ ಡೇನಾ ವೈಟ್‌ದು, ಅದು ಸಣ್ಣ ವಿಷಯ ಅಲ್ಲ ಅಂತ ಒಪ್ಪುತ್ತೇನೆ. ಆದರೆ ಮಗನಿಗೆ ಒಂದು ಪ್ರಶ್ನೆ ಕೇಳಿ. 2016ರ ಮಾರ್ಚ್‌ನಲ್ಲಿ ಮೊದಲು ಗೊತ್ತಾಗಿದ್ದ ಎದುರಾಳಿಯ ಕಾಲು ಮುರಿದದ್ದರಿಂದ, ಬರೀ 11 ದಿನದ ಮುನ್ಸೂಚನೆಯಲ್ಲಿ ಬಂದು ಮೆಕ್‌ಗ್ರೆಗರ್ ಕತ್ತು ಹಿಸುಕಿ ಸೋಲಿಸಿದ ನೇಟ್ ಡಯಾಜ್ ಇಲ್ಲದಿದ್ದರೆ, ಆಗಸ್ಟ್‌ನ ಮರುಪಂದ್ಯಕ್ಕೆ ಅಷ್ಟು ಜನ ದುಡ್ಡು ಕೊಡುತ್ತಿದ್ದರಾ? ಡಯಾಜ್‌ನನ್ನು ಯಾವ ಪ್ರಮೋಟರ್ ಕೂಡ ಯೋಜನೆ ಹಾಕಿ ತಂದದ್ದಲ್ಲ. ಒಂದು ಮುರಿದ ಕಾಲು ಕಟ್ಟಿದ ಜೋಡಿ ಅದು.

ಪ್ರಶ್ನೆ: ಗಾಮಾ ಪೈಲ್ವಾನ್ ಸೋಲನ್ನೇ ಕಾಣದವನು ಅಂತಾರೆ. ಹಾಗಿದ್ದರೆ ಪ್ರಪಂಚದಲ್ಲಿ ಅವನ ಹೆಸರು ಅಲಿಯಷ್ಟು ಯಾಕೆ ಹರಡಲಿಲ್ಲ? ಒಳ್ಳೆ ಪ್ರಮೋಟರ್ ಸಿಗಲಿಲ್ಲವಾ?
– ಓದುಗರೊಬ್ಬರು, ಇಳಕಲ್

ಉತ್ತರ: ಪ್ರಮೋಟರ್ ಸಿಕ್ಕಿದ್ದ. ಬೆಂಜಮಿನ್ ಅಂತ. 1910ರಲ್ಲಿ ಗಾಮಾನನ್ನು ಲಂಡನ್‌ಗೆ ಕರೆದುಕೊಂಡು ಹೋದವನು ಅವನೇ. ಅಲ್ಲಿ ಅಮೆರಿಕದ ಡಾಕ್ಟರ್ ರೋಲರ್‌ನನ್ನು ಗಾಮಾ ಸಲೀಸಾಗಿ ಕೆಡವಿದ. ಆಮೇಲೆ ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಜೊತೆ. ಜಿಬಿಸ್ಕೋ ಮಾಡಿದ್ದೇನು ಗೊತ್ತಾ? ಬೋರಲು ಬಿದ್ದು ಚಾಪೆಗೆ ಅಂಟಿಕೊಂಡ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು! ಗಾಮಾ ಎತ್ತಲು ನೋಡೋದು, ಅವನು ಹಲ್ಲಿ ಥರ ಕಚ್ಚಿಕೊಳ್ಳೋದು. ಕತ್ತಲಾಗುತ್ತಾ ಬಂತು, ಡ್ರಾ ಅಂದರು. ಒಂದು ವಾರ ಬಿಟ್ಟು ಮತ್ತೆ ಅಂತ ಗೊತ್ತುಮಾಡಿದರು. 17ನೇ ತಾರೀಖು ಗಾಮಾ ಬಂದ, ಜಿಬಿಸ್ಕೋ ಬರಲೇ ಇಲ್ಲ. ಬೆಲ್ಟ್ ಗಾಮಾಗೆ ಸಿಕ್ಕಿತು.

ಜೋಡಿ ಓಡಿಹೋದರೆ ಪ್ರಮೋಟರ್ ಏನು ಮಾಡ್ತಾನೆ? ಗಾಮಾನ ದುರದೃಷ್ಟ ಅದೇ. ಅವನಿಗೊಬ್ಬ ಫ್ರೇಜಿಯರ್ ಸಿಗಲಿಲ್ಲ. ಜಿಬಿಸ್ಕೋ ಮತ್ತೆ ಎದುರು ನಿಂತದ್ದು 1928ರಲ್ಲಿ, ಪಟಿಯಾಲದಲ್ಲಿ. ಅಷ್ಟೊತ್ತಿಗೆ ಇಬ್ಬರಿಗೂ ಐವತ್ತರ ಆಸುಪಾಸು. ಈ ಸಲ ಚಾಪೆ ಇಲ್ಲ, ಮಣ್ಣು. ಒಂದು ನಿಮಿಷ ಕೂಡ ಆಗಲಿಲ್ಲ, ಚಿತ್. ದೂರದೂರಿಂದ ಬಂದವರು ಇನ್ನೂ ಕೂರೋಕೆ ಜಾಗ ಹುಡುಕುತ್ತಿದ್ದರೇನೋ ಪಾಪ.

ಪ್ರಶ್ನೆ: ಪ್ರಮೋಟರ್‌ನ ಹಂಗಿಲ್ಲದೆ ಸ್ಟಾರ್ ಆದವರು ನಮ್ಮಲ್ಲಿ ಇಲ್ಲವಾ? ಮೇರಿ ಕೋಮ್ ಇದ್ದಾರಲ್ಲ?
– ಓದುಗರೊಬ್ಬರು, ಸಾಗರ

ಉತ್ತರ: ಇದ್ದಾರೆ, ಆದರೆ ನಿಮ್ಮ ಉದಾಹರಣೆ ನಿಮಗೇ ತಿರುಗಿ ಹೊಡೆಯುತ್ತೆ ಮೇಡಂ. ಮೇರಿ ಕೋಮ್ 2010ರ ಹೊತ್ತಿಗೆ ಐದು ಸಲ ವಿಶ್ವ ಚಾಂಪಿಯನ್. ಆಗ ನಮ್ಮ ಬೀದಿಯಲ್ಲಿ ಕೇಳಿದ್ದರೆ ಹತ್ತರಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಬಂದ ಮೇಲೆ ಎಲ್ಲರ ಮನೆ ಟೀವಿಗೆ ಬಂದರು. 2006ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ನಾಲ್ವರು ಹೆಣ್ಣುಮಕ್ಕಳು ಚಿನ್ನ ಗೆದ್ದಿದ್ದರು. ಮೇರಿ ಕೋಮ್ ಒಬ್ಬರು. ಸರಿತಾ ದೇವಿ ಹೆಸರು ಕೇಳಿರಬಹುದು. ಉಳಿದಿಬ್ಬರು? ಜೆನ್ನಿ ಆರ್.ಎಲ್., ಲೇಖಾ ಕೆ.ಸಿ. ಎಷ್ಟು ಜನ ತಲೆಯಾಡಿಸಿದಿರಿ? ವಿಶ್ವ ಚಾಂಪಿಯನ್‌ರಪ್ಪ ಅವರು! ಊರೂರಿಗೆ ಪೋಸ್ಟರ್ ಅಂಟಿಸೋನು ಒಬ್ಬ ಬೇಕೇ ಬೇಕು. ದಾವಣಗೆರೆಯ ಹುಡುಗನಿಗೆ ಈ ಪ್ಯಾರಾ ಓದಿ ಹೇಳಿ, ಖುಷಿಪಡಲಿ.

ಪ್ರಶ್ನೆ: ಹೆಸರಿನ ಜಗಳ ಬಿಡಿ. ದುಡ್ಡು ಯಾರ ಜೇಬಿಗೆ ಹೋಗುತ್ತೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ಪ್ರಶ್ನೆ ಬೆಂಗಳೂರಿಂದಲೇ ಬರುತ್ತೆ ಅಂತ ಗೊತ್ತಿತ್ತು. 1980ರಲ್ಲಿ ಅಲಿ ಲ್ಯಾರಿ ಹೋಮ್ಸ್ ಕೈಲಿ ಹೊಡೆಸಿಕೊಂಡ ಪಂದ್ಯಕ್ಕೆ ಡಾನ್ ಕಿಂಗ್ ಸುಮಾರು 11 ಲಕ್ಷ ಡಾಲರ್ ಕಡಿಮೆ ಕೊಟ್ಟ. ಅಲಿ ಕೇಸ್ ಹಾಕಿದ. ಆಮೇಲೆ ಡಾನ್ ಕಿಂಗ್ ಅಲಿಗೆ ಗೊತ್ತಿದ್ದ ಒಬ್ಬರ ಕೈಲಿ ಸೂಟ್‌ಕೇಸ್‌ನಲ್ಲಿ 50 ಸಾವಿರ ಡಾಲರ್ ನಗದು ಕಳಿಸಿದ. ಕಾಯಿಲೆ ಬಿದ್ದಿದ್ದ ಅಲಿ ಸಹಿ ಹಾಕಿ ಕೇಸ್ ಬಿಟ್ಟ. ವಿಷಯ ತಿಳಿದು ಅವನ ವಕೀಲ ಅತ್ತೇಬಿಟ್ಟನಂತೆ. ಟೈಸನ್ 1998ರಲ್ಲಿ ಅದೇ ಡಾನ್ ಕಿಂಗ್ ಮೇಲೆ 10 ಕೋಟಿ ಡಾಲರ್‌ಗೆ ಕೇಸ್ ಹಾಕಿ, 2004ರಲ್ಲಿ 1 ಕೋಟಿ 40 ಲಕ್ಷಕ್ಕೆ ರಾಜಿಯಾದ. 2000ದಲ್ಲಿ ಅಮೆರಿಕದವರು ಬಾಕ್ಸರ್‌ಗಳನ್ನು ಕಾಪಾಡೋಕೆ ಒಂದು ಕಾಯ್ದೆ ತಂದು ಅದಕ್ಕೆ ಅಲಿ ಹೆಸರನ್ನೇ ಇಟ್ಟರು. ಯುಎಫ್‌ಸಿಯ ಕಾದಾಟ ಅದರೊಳಗೆ ಬರಲ್ಲ. 2001ರಲ್ಲಿ 20 ಲಕ್ಷ ಡಾಲರ್‌ಗೆ ಕೊಂಡ ಆ ಕಂಪನಿ 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಾಟವಾಯಿತು. ನಮಗೆ ಸಿಗಬೇಕಾದ್ದು ಸಿಗಲಿಲ್ಲ ಅಂತ ಹಳೇ ಫೈಟರ್‌ಗಳು ಕೋರ್ಟಿಗೆ ಹೋಗಿ, 2024ರಲ್ಲಿ 37.5 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡರು. ಜೇಬು ಯಾರದ್ದು ಅಂತ ನೀವೇ ಗುಣಾಕಾರ ಮಾಡಿ.

ನಮ್ಮ ದೊಡ್ಡಪ್ಪನಿಗೆ ಜೋಡಿ ಕಟ್ಟಿದ್ದಕ್ಕೆ ಒಂದು ಪಂಚೆ, ತೆಂಗಿನಕಾಯಿ, ಬಸ್ ಚಾರ್ಜು ಕೊಡೋರು. ಬಸ್ ಚಾರ್ಜು ಒಂದೊಂದು ಸಲ ಮರೆತುಹೋಗೋದು.

ಪ್ರಶ್ನೆ: ಕುಸ್ತಿ ಬಗ್ಗೆ ಇಷ್ಟೆಲ್ಲ ಬರೀತೀರಲ್ಲ, ನೀವು ಯಾವತ್ತಾದರೂ ಲಂಗೋಟಿ ಕಟ್ಟಿದ್ದೀರಾ?
– ಓದುಗರೊಬ್ಬರು, ಚನ್ನಪಟ್ಟಣ

ಉತ್ತರ: ಒಂದೇ ಸಲ. ಆಗ ನನಗೆ ಹದಿಮೂರು. ಜೋಡಿ ಕಟ್ಟಿದವರು ದೊಡ್ಡಪ್ಪನೇ. ಮನೆಯವನು ಅಂತ ಮೆತ್ತಗಿನ ಹುಡುಗನನ್ನು ಕೊಡ್ತಾರೆ ಅಂದುಕೊಂಡಿದ್ದೆ. ಕತ್ತಿನ ಹಿಂದೆ ಕೈ ಹಾಕಿ ಜಗ್ಗಿದರು, ಕಿವಿ ನೋಡಿ ನಕ್ಕರು, ಪಕ್ಕದ ಊರಿನ ಉಪ್ಪಾರರ ಹುಡುಗನ ಮುಂದೆ ನಿಲ್ಲಿಸಿದರು. ತೊಡೆ ತಟ್ಟಿದ್ದು ನೆನಪಿದೆ. ಆಮೇಲೆ ಆಕಾಶ ನೆನಪಿದೆ. ಗೋಡೆಗೆ ಅಂಟಿಸಿದ್ದ ಕರಪತ್ರದಲ್ಲಿ ನನ್ನ ಹೆಸರು ಹುಡುಕಿದೆ, ಅವನದ್ದೂ ಹುಡುಕಿದೆ. ‘ಇತರೆ 12 ಜೊತೆ ಬಾಲಕರ ಕುಸ್ತಿ’ ಅಂತ ಒಂದು ಸಾಲು ಇತ್ತು. ಕಿವಿಯೊಳಗಿನ ಮಣ್ಣು ಎರಡು ದಿನ ಬಿಡಲಿಲ್ಲ.